ಖಾಲಿ ಇರಬೇಕಾಗಿದ್ದ ಕುರ್ಚಿ

ಬೆಂಟ್ ಕ್ರೀಕ್, ಓಕ್ಲಹೋಮ
ನವೆಂಬರ್ ೧೪

ಸೈನಿಕ ನೆರವು ಸಂಘದ ಅಧ್ಯಕ್ಷರಾದ ವೆಂಡೆಲ್ ಸ್ಟ್ರಿಕ್ಲೆಂಡ್ ಅವರಿಗೆ, ವಂದನೆಗಳು.

ಕಿರಿಯರ ದಳದ ಮರೀಸಾಳಿಂದ ಕ್ಷಮಾಪಣೆ ಪತ್ರ ಬರೆಸಿ ಕಳುಹಿಸಬೇಕೆಂದು ತಾವು ಸೂಚಿಸಿದ್ದೀರಿ. ಬರೆಸಲಾರೆ.

ವಾರ್ಷಿಕ ಭೋಜನದಲ್ಲಿ, ಯುದ್ಧದಿಂದ ಮರಳದವರಿಗಾಗಿ ಒಂದು ಪುಟ್ಟ ಮೇಜನ್ನು ಅಣಿಗೊಳಿಸುವುದು ನಮ್ಮ ಪದ್ಧತಿ. ಬೋರಲು ಹಾಕಿದ ಲೋಟ, ತಟ್ಟೆಯಲ್ಲಿ ಅವರ ಕಹಿ ವಿಧಿಯ ಗುರುತಾಗಿ ಒಂದು ಹೋಳು ನಿಂಬೆ, ಮನೆಯವರ ಕಣ್ಣೀರಿನ ಗುರುತಾಗಿ ಚಿಟಿಕೆ ಉಪ್ಪು, ಖಾಲಿ ಕುರ್ಚಿ. ಅದರಲ್ಲಿ ಯಾರೂ ಕೂರಬಾರದೆಂದು ಮರೀಸಾಳಿಗೆ ಕಲಿಸಿದವಳು ನಾನೇ. ತಡವಾಗಿ ಬಂದ ಪ್ರಾಯೋಜಕ ಪ್ರೂಯಿಟ್ ಅವರನ್ನು ತಾವೇ ಕರೆದು ಅಲ್ಲಿ ಕೂರಿಸಿದಿರಿ. ಅವರು ಲೋಟವನ್ನು ನೆಟ್ಟಗೆ ಮಾಡಿ, ಬಿಯರ್ ಸುರಿದು, ಆ ನಿಂಬೆಯನ್ನೇ ಹಿಂಡಿಕೊಂಡರು.

"ಸರ್, ದಯವಿಟ್ಟು ಏಳಿ. ಇದು ವಾಪಸ್ ಬರದೇ ಇರೋರ ಜಾಗ," ಎಂದಳು ಹುಡುಗಿ.

"ಬರದೇ ಇರೋರಿಗೆ ಊಟ ಯಾಕಮ್ಮಾ? ಬಂದಿರೋನಿಗೆ ಬಡಿಸು!" ಎಂದು ಅವರು ನಕ್ಕರು. ತಾವೂ ನಕ್ಕಿರಿ. ಮಗನ ದೇಹವನ್ನೂ ಕಾಣದ ಶ್ರೀಮತಿ ಟಿಲ್‌ಮನ್ ಎದುರಿನ ಸಾಲಿನಿಂದ ಉಣ್ಣದೆ ಎದ್ದು ಹೋದರು. ಮರೀಸಾ ಆ ಕುರ್ಚಿಯನ್ನು ಹಿಡಿದು ಎಳೆದದ್ದು ಆಮೇಲೆ.

ಈ ಮಕ್ಕಳು ನಮಗಿಂತ ಚೆನ್ನಾಗಿ ಸಂಘವನ್ನು ನಡೆಸುವರೆಂಬ ನಂಬಿಕೆ ನನಗೆ ಅಂದೇ ಬಂತು. ಅವಳನ್ನು ದಳದಿಂದ ತೆಗೆಯುವ ನಿರ್ಣಯವನ್ನು ದಯವಿಟ್ಟು ರದ್ದುಪಡಿಸಿ. ಕ್ಷಮಾಪಣೆಯನ್ನು ತಾವೂ ಪ್ರೂಯಿಟ್ ಅವರೂ ಶ್ರೀಮತಿ ಟಿಲ್‌ಮನ್ ಅವರಿಗೆ ಬರೆಯಿರಿ.

ಸಭಾಂಗಣದ ಬೀಗದ ಕೈ ಈ ಲಕೋಟೆಯಲ್ಲಿದೆ. ಮರೀಸಾಳ ಕೈಯಲ್ಲಿ ಕೊಟ್ಟು ಕಳುಹಿಸಿದರೆ ಮಾತ್ರ ಅದನ್ನು ಮರಳಿ ಪಡೆಯುತ್ತೇನೆ.

ಇಂದಿನವರೆಗೆ ತಮ್ಮ ಸ್ವಯಂಸೇವಕರ ಮುಖ್ಯಸ್ಥೆ,
ವರ್ನಾ ಹಾಲ್ವರ್ಸನ್