ಎಡಗಾಲಿನ ನಾಳ ಬಲಗಾಲಿಗೆ

ಭಾನುವಾರ, ನವೆಂಬರ್ ೧೭

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನೀನು, ಭಾವ, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಫೋನು ಬಂದಾಗಲೆಲ್ಲ ಎತ್ತದೆ ಬಿಟ್ಟದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮೊನ್ನೆ ಭಾವ ಇಲ್ಲಿಯತನಕ ಬಂದು, ಬಾಗಿಲು ಬಡಿದು ಬಡಿದು ಹಿಂದಿರುಗಿದರಲ್ಲ, ಆಗ ನಾನು ಒಳಗೇ ಇದ್ದೆ. ಅದಕ್ಕೂ ಕ್ಷಮೆ ಕೇಳುತ್ತೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಸಾಕು, ನಾನು ಲಂಗ ಹಾಕಿಕೊಂಡ ಹುಡುಗಿಯಾಗಿಬಿಡುತ್ತೇನೆ. ಹೇಳಬೇಕಾದದ್ದು ಬಿಟ್ಟು ಬೇರೇನೋ ಮಾತಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಮೊದಲಿನಿಂದ ಹೇಳಿಕೊಳ್ಳದಿದ್ದರೆ ನನಗೇ ತಲೆಬುಡ ಸಿಗುವುದಿಲ್ಲ.

ಅಣ್ಣನಿಗೆ ನಿನ್ನನ್ನು, ತಮ್ಮನಿಗೆ ನನ್ನನ್ನು ಕೊಟ್ಟಾಗ ಅಪ್ಪ ಹೇಳಿದ್ದು ನೆನಪಿದೆಯಾ? "ಇಬ್ಬರು ಹೆಣ್ಣುಮಕ್ಕಳು ಒಂದೇ ಮನೆಗೆ ಹೋದರೆ ಒಬ್ಬರ ಕಣ್ಣೀರು ಇನ್ನೊಬ್ಬರಿಗೆ ಕಾಣುತ್ತೆ" ಅಂದಿದ್ದರು. ಅಂದಿನಿಂದ ನೀನು ನನಗೆ ಅಕ್ಕನೂ ಹೌದು, ಓರಗಿತ್ತಿಯೂ ಹೌದು.

ಇವರ ಕಾಲು ನೋವು ಶುರುವಾದದ್ದು ಹೇಗೆ ಅಂತ ನಿನಗೆ ನಾನೇ ಹೇಳಿದ್ದೆ. ನೀರು ಸರಬರಾಜು ಇಲಾಖೆಯ ಫಿಟ್ಟರು ಅಂದಮೇಲೆ ನಡೆಯುವುದೇ ಕೆಲಸ. ಕಬ್ಬಿಣದ ಸಲಾಕೆಯೊಂದನ್ನು ನೆಲಕ್ಕೆ ಊರಿ, ಅದರ ತುದಿಗೆ ಕಿವಿಯಿಟ್ಟು, ಎಲ್ಲಿ ಪೈಪು ಸೋರುತ್ತಿದೆ ಅಂತ ಹೇಳುವ ಮನುಷ್ಯ. ಹಾಗೆ ನಡೆಯುತ್ತಿದ್ದವರು ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ನಿಲ್ಲತೊಡಗಿದರು. ಸಿಗರೇಟು ಬಿಡಿ ಅಂದರೆ ನನ್ನ ಮೇಲೇ ರೇಗುತ್ತಿದ್ದರು. ಕೊನೆಗೆ ಬಲಗಾಲಿನ ಕಿರುಬೆರಳು ನೇರಳೆಯಾಗಿ, ಆಮೇಲೆ ಕಪ್ಪಾಯಿತು. ಹತ್ತಿರದ ಆಸ್ಪತ್ರೆಯ ಡಾಕ್ಟರು, "ಮೊಣಕಾಲಿನ ಕೆಳಗೆ ತೆಗೆದುಬಿಡೋಣ, ಜೀವಕ್ಕೆ ಒಳ್ಳೇದು" ಅಂದುಬಿಟ್ಟರು. ಕೂದಲು ಕತ್ತರಿಸುವ ಮಾತಾಡಿದ ಹಾಗೆ! ಇವರು ಗೋಡೆಯ ಕಡೆಗೆ ತಿರುಗಿ ಮಲಗಿದರು. ನಾನು ಮಾತ್ರ, "ಇನ್ನೊಬ್ಬರಿಗೆ ತೋರಿಸ್ದೇ ಕಾಲು ಮುಟ್ಟೋಕೆ ಬಿಡಲ್ಲ" ಅಂತ ಹಟ ಹಿಡಿದೆ. ನೀನು ನನ್ನ ಜೊತೆಗೆ ನಿಂತೆ. ದೊಡ್ಡ ಆಸ್ಪತ್ರೆಗೆ ಗಾಡಿ ತರಿಸಿದ್ದು ಭಾವ.

ಅಲ್ಲಿಯ ದೊಡ್ಡ ಡಾಕ್ಟರಮ್ಮ ಒರಟು ಹೆಂಗಸು, ಆದರೆ ಬಿಡಿಸಿ ಹೇಳುತ್ತಿದ್ದರು. "ಕಾಲಿಗೆ ರಕ್ತ ಕೊಡೋ ನಾಳ ತೊಡೆಯಿಂದ ಮೊಣಕಾಲಿನ ಕೆಳಗಿನವರೆಗೆ ಕಟ್ಟಿಹೋಗಿದೆ. ಅದನ್ನ ನಾವು ಕೀಳೋದಿಲ್ಲ. ಪಕ್ಕದಲ್ಲೇ ಇನ್ನೊಂದು ನಾಳ ಇಟ್ಟು, ಮೇಲೊಂದು ಹೊಲಿಗೆ, ಕೆಳಗೊಂದು ಹೊಲಿಗೆ ಹಾಕ್ತೀವಿ. ರಕ್ತ ಹೊಸ ದಾರಿ ಹಿಡಿಯುತ್ತೆ."

ಇವರು ಆ ನೋವಿನಲ್ಲೂ ನಕ್ಕರು. "ರಸ್ತೆ ಅಗೆದು ನಾನು ಮಾಡೋದೂ ಇದೇ ಕೆಲ್ಸ ಡಾಕ್ಟ್ರೇ. ನಿಮಗೆ ಪೈಪು ಎಲ್ಲಿಂದ ಬರುತ್ತೆ?"

"ನಿಮ್ಮ ಹತ್ರಾನೇ ಇದೆ, ಕಾಲಿಂದ ರಕ್ತ ವಾಪಸ್ ಒಯ್ಯೋ ನಾಳ. ನೇಯ್ದು ಮಾಡಿದ ಕೃತಕ ನಾಳಾನೂ ಸಿಗುತ್ತೆ, ಪ್ಲಾಸ್ಟಿಕ್ಕಿಂದೂ ಇದೆ. ಆದ್ರೆ ಮೊಣಕಾಲು ದಾಟಿ ಕೆಳಗೆ ಹೋಗ್ಬೇಕಾದಾಗ ಸ್ವಂತದ್ದೇ ಹೆಚ್ಚು ಬಾಳಿಕೆ ಬರುತ್ತೆ. ಬಲಗಾಲಿಂದು ದಾರದ ಹಾಗೆ ಸಣ್ಣಗಿದೆ. ಎಡಗಾಲಿಂದ ತೆಗೀತೀವಿ."

ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ನಾಳದ ಒಳಗೆ ಪುಟ್ಟ ಪುಟ್ಟ ಬಾಗಿಲುಗಳಿರುತ್ತವಂತೆ. ಅವು ಹೃದಯದ ಕಡೆಗೆ ಮಾತ್ರ ತೆರೆಯುತ್ತವಂತೆ. ಇದ್ದ ಹಾಗೇ ತಂದು ಹೊಲಿದರೆ ಕೆಳಗಿಳಿಯುವ ರಕ್ತಕ್ಕೆ ಅಡ್ಡ ನಿಲ್ಲುತ್ತವೆ ಅಂತ, ನಾಳವನ್ನು ತಲೆಕೆಳಗು ಮಾಡಿ ಹೊಲಿಯುತ್ತಾರಂತೆ.

ಆಪರೇಷನ್ ನಡೆದಷ್ಟು ಹೊತ್ತೂ ನೀನು ನನ್ನ ಕೈ ಹಿಡಿದು ಕೂತಿದ್ದೆ. ಸಾಯಂಕಾಲ ಡಾಕ್ಟರಮ್ಮ ಹೊರಗೆ ಬಂದು, "ಬೆರಳು ಹೋಯ್ತು, ಕಾಲು ಉಳೀತು" ಅಂದಾಗ ನಾನು ನಿನ್ನ ಹೆಗಲಿಗೆ ಮುಖ ಒತ್ತಿ ಅತ್ತೆ. ನಿನ್ನ ಸೀರೆ ಒದ್ದೆಯಾಗುವಷ್ಟು ಅತ್ತೆ.

ಆಮೇಲಿನದು ಮನೆಯ ಕಥೆ. ಒಂದು ಕಾಲು ಕೊಟ್ಟದ್ದು, ಇನ್ನೊಂದು ಇಸಿದುಕೊಂಡದ್ದು. ಎರಡಕ್ಕೂ ತೊಡೆಯಿಂದ ಕೆಳಗೆ ಉದ್ದಕ್ಕೂ ಹೊಲಿಗೆ, ಯಾವುದನ್ನೂ ಊರುವ ಹಾಗಿಲ್ಲ. ಕನ್ನಡಕದಂಗಡಿಯ ಯಜಮಾನರು ನನಗೆ ರಜೆ ಕೊಟ್ಟದ್ದು ದೊಡ್ಡ ಮನಸ್ಸು. ಗಾಯ ಒರೆಸುವುದು, ಕೀವು ಕಂಡರೆ ಆಸ್ಪತ್ರೆಗೆ ಓಡುವುದು, ಮಲಮೂತ್ರ, ಸ್ನಾನ, ಮಾತ್ರೆ. ನರ್ಸು ನನ್ನ ಬೆರಳು ಹಿಡಿದು ಪಾದದ ನಾಡಿ ನೋಡುವುದನ್ನು ಕಲಿಸಿದಳು. ಸಿಗುವ ಜಾಗದಲ್ಲಿ ಪೆನ್ನಿನಿಂದ ಸಣ್ಣ ಗುರುತು ಹಾಕಿಕೊಟ್ಟಳು. ಬೆಳಿಗ್ಗೆ ಎದ್ದ ತಕ್ಷಣ ನಾನು ಮೊದಲು ಮುಟ್ಟುತ್ತಿದ್ದದ್ದು ಆ ಜಾಗವನ್ನು. ಬೆರಳಿನಡಿ ಅದು ಮಿಡಿದರೆ ನನಗೆ ದಿನ ಶುರುವಾಗುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ, ನಿನಗೆ ಗೊತ್ತು. ಬಸುರಿಯರ ಹೊಟ್ಟೆಗೆ ಕೈಯಿಟ್ಟು ನಗುವವರನ್ನು ಕಂಡರೆ ಮುಖ ತಿರುಗಿಸುತ್ತಿದ್ದವಳು ನಾನು. ಆ ನಗು ನನ್ನ ಮುಖದ ಮೇಲೂ ಬರುತ್ತಿತ್ತು, ಒಂದು ಪಾದ ಹಿಡಿದುಕೊಂಡು!

ಇವರ ಆಫೀಸಿನವರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಬಿಲ್ಲಿನ ವಿಭಾಗದ ಒಬ್ಬ ಹೆಂಗಸೂ ಹಣ್ಣಿನ ಚೀಲ ಹಿಡಿದು ಬಂದಿದ್ದಳು. ಮಂಚದ ಕಾಲಬದಿಯಲ್ಲಿ ನಿಂತೇ ಇದ್ದಳು. "ಕೂತ್ಕೋಮ್ಮಾ" ಅಂತ ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟೆ. ಕಾಫಿ ಮಾಡಿಕೊಂಡು ಬಂದೆ.

ಹೊಲಿಗೆ ಒಣಗಿದ ಮೇಲೆ ಡಾಕ್ಟರಮ್ಮ, "ಇನ್ನು ನಡೀಬೇಕು. ನಡೆದಷ್ಟೂ ಒಳ್ಳೇದು" ಅಂದರು. ಮೊದಲು ಮಂಚದಿಂದ ಕಿಟಕಿಗೆ, ಆಮೇಲೆ ಮೆಟ್ಟಿಲಿಗೆ, ಆಮೇಲೆ ಪಾರ್ಕಿಗೆ. ಬೆರಳು ಕಳೆದುಕೊಂಡ ಕಾಲಿಗೆಂದು ಅಗಲ ಮೂತಿಯ ಮೆತ್ತನೆಯ ಶೂ ಮಾಡಿಸಿದೆವು. ಸಂಜೆಯಾದರೆ ಇವರೇ ಶೂ ಹಾಕಿಕೊಂಡು ಹೊರಡುತ್ತಿದ್ದರು. ಹೋಗುವ ಹೊತ್ತು ದಿನದಿಂದ ದಿನಕ್ಕೆ ಉದ್ದವಾಯಿತು. ತಪಾಸಣೆಗೆ ಹೋದಾಗ ನಾನೇ ಜಂಬದಿಂದ, "ಈಗ ಹೋದ್ರೆ ಕತ್ತಲಾದ್ಮೇಲೇ ಬರೋದು ಡಾಕ್ಟ್ರೇ" ಅಂದೆ. "ತುಂಬಾ ಒಳ್ಳೇದು, ತಡೀಬೇಡಿ" ಅಂದರು. ಇವರು ನೆಲ ನೋಡುತ್ತಿದ್ದರು.

ಒಂದು ಸಂಜೆ ಇದ್ದಕ್ಕಿದ್ದಂತೆ ಮಳೆ ಹೊಡೆಯಿತು. ಇವರು ಛತ್ರಿ ಒಯ್ದಿರಲಿಲ್ಲ. ಗಾಯದ ಕಾಲು ನೆನೆದರೆ ಏನು ಗತಿ ಅಂತ ನಾನು ಛತ್ರಿ ಹಿಡಿದು ಪಾರ್ಕಿಗೆ ಓಡಿದೆ. ಗೇಟಿನ ಕಾವಲುಗಾರ ಟೋಪಿ ಮೇಲೆತ್ತಿ ನೋಡಿದ. "ಅಗಲ ಶೂ ಹಾಕ್ಕೊಳ್ಳೋ ಸಾಹೇಬರಾ? ಅವರು ಒಳಗೆ ಬರೋದೇ ಇಲ್ವಲ್ಲಮ್ಮಾ. ಆ ಹಸಿರು ಗೇಟಿನ ಮನೆಗೆ ಹೋಗ್ತಾರೆ." ಪಾಪ, ಸಹಾಯ ಮಾಡಿದೆ ಅಂತ ಅವನಿಗೆ ಖುಷಿ.

ಹಸಿರು ಗೇಟಿನೊಳಗೆ, ಮೆಟ್ಟಿಲ ಮೇಲೆ, ಮಳೆಹನಿ ತಾಗದ ಹಾಗೆ ಒಳಗೆ ಸರಿಸಿಟ್ಟ ಆ ಶೂ ಕಂಡವು. ಪಕ್ಕದಲ್ಲಿ ಹೆಂಗಸಿನ ಚಪ್ಪಲಿ. ಒಳಗಿನಿಂದ ಇವರ ನಗು ಕೇಳಿಸಿತು. ಅಕ್ಕ, ಆ ನಗು ನಮ್ಮ ಮನೆಯಲ್ಲಿ ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಕಾಲು ನೋವಿಗೆ ನಿಂತಿದೆ ಅಂದುಕೊಂಡಿದ್ದೆ. ನಾನು ಬಾಗಿಲು ಬಡಿಯಲಿಲ್ಲ, ಬಂದ ದಾರಿಯಲ್ಲೇ ಹಿಂದಿರುಗಿದೆ. ಕೈಯಲ್ಲಿ ಛತ್ರಿಯಿದ್ದರೂ ಬಿಡಿಸುವುದು ಹೊಳೆಯಲಿಲ್ಲ. ಮನೆಗೆ ಬಂದಾಗ ನಾನು ತೊಯ್ದು ತೊಪ್ಪೆ. ಇವರು ಮಾತ್ರ ಒಣಗಿದ ಬಟ್ಟೆಯಲ್ಲಿ ಬಂದರು, ಪರರ ಛತ್ರಿ ಹಿಡಿದುಕೊಂಡು.

"ಯಾರದು ಛತ್ರಿ?" ಅಂದೆ.

"ಆಫೀಸಿಂದು."

"ಹಸಿರು ಗೇಟಿನ ಆಫೀಸಾ?"

ಒಂದು ಶೂ ಬಿಚ್ಚಿದ್ದರು. ಇನ್ನೊಂದರ ಮೇಲೆ ಕೈ ನಿಂತಿತು. "ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು" ಅಂದರು.

"ಯಾವಾಗಿನಿಂದ?"

"ಕಾಲು ನೋವಿಗೂ ಮುಂಚಿನಿಂದ."

"ಹಾಗಾದ್ರೆ ಇಷ್ಟು ದಿನ ನಾನು ತೊಳೆದದ್ದು, ಒರೆಸಿದ್ದು, ಎತ್ತಿ ಕೂರಿಸಿದ್ದು?"

"ನಾನು ಕೇಳಿದ್ನಾ? ನೀನೇ ಮಾಡಿದೆ."

ಇಲ್ಲಿಯವರೆಗೆ ಅಭ್ಯಾಸಬಲದಿಂದ ಇವರು, ಇವರು ಅಂತ ಬರೆದೆ. ಇನ್ನು ಕೈ ಬರುತ್ತಿಲ್ಲ. ಮಾರನೆಯ ದಿನ ಅವನು ಹೊರಟ. ಕೈಚೀಲವೊಂದು ತುಂಬಿಕೊಂಡಿದ್ದ. ಆಟೋ ಕರೆಯಲೇನು ಅಂತ ಕೇಳಿದವಳೂ ನಾನೇ, ಹಲ್ಲು ಕಚ್ಚಿಕೊಂಡು ಕೇಳಿದೆ. "ಬೇಡ, ನಡ್ಕೊಂಡೇ ಹೋಗ್ತೀನಿ" ಅಂದ. ಕಿಟಕಿಯಿಂದ ನೋಡಿದೆ. ಒಂದು ಕಂಬ ದಾಟಿದ, ಇನ್ನೊಂದು ದಾಟಿದ, ಎಲ್ಲೂ ನಿಲ್ಲಲಿಲ್ಲ, ಕುಂಟಲಿಲ್ಲ. ಹೆಜ್ಜೆ ಎಷ್ಟು ಸಲೀಸಾಗಿತ್ತು ಅಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒಂದು ಕ್ಷಣ ನನಗೆ ಹೆಮ್ಮೆಯಾಯಿತು. ಕಾಲು ಉಳಿಸಿದೆನಲ್ಲ ಅಂತ! ಥೂ, ನನ್ನ ಜನ್ಮಕ್ಕೆ.

ನಾನು ಅಂಗಡಿಗೆ ಮರಳಿದೆ. ಚೌಕಟ್ಟಿಗೆ ಗಾಜು ಕೂರಿಸುವಾಗ ಬೇರೇನೂ ಯೋಚಿಸುವ ಹಾಗಿಲ್ಲ, ಅದೊಂದು ಸುಖ. ಹೋದ ತಿಂಗಳು ಒಂದು ಮಧ್ಯಾಹ್ನ ಹಾಗೆ ಕೆಲಸ ಮಾಡುತ್ತಿದ್ದಾಗ ಫೋನು ಬಂತು. ಗುರುತಿಲ್ಲದ ನಂಬರು. "ಅಕ್ಕಾ..." ಅಂತು ಆ ಕಡೆಯ ದನಿ. ನನ್ನನ್ನು ಅಕ್ಕ ಅನ್ನುವವರು ಯಾರಪ್ಪಾ ಅಂದುಕೊಂಡೆ. ಹಸಿರು ಗೇಟಿನ ಮನೆಯವಳು, ಅಂದು ಹಣ್ಣಿನ ಚೀಲ ಹಿಡಿದು ಬಂದಿದ್ದ ಅವಳು.

"ಅಕ್ಕಾ, ಅವರ ಕಾಲು ತಣ್ಣಗಾಗಿದೆ. ಬೆಳ್ಳಗಾಗಿದೆ. ನೋವು ಅಂತ ಕೂಗಾಡ್ತಿದ್ದಾರೆ. ಎಣ್ಣೆ ಕಾಯಿಸಿ ತಿಕ್ಕಲಾ?"

ಫೋನು ಇಟ್ಟುಬಿಡಬಹುದಿತ್ತು. ಇಡಲಿಲ್ಲ. "ತಿಕ್ಬೇಡ. ಬಿಸಿ ಏನೂ ತಾಗಿಸ್ಬೇಡ. ಕಣಕಾಲಿನ ಒಳಬದಿಯ ಗಂಟಿನ ಹಿಂದೆ ಎರಡು ಬೆರಳಿಡು. ಒತ್ಬೇಡ, ಸುಮ್ಮನೆ ಇಡು. ಮಿಡಿಯುತ್ತಾ?"

"ಇಲ್ಲ."

"ಪಾದದ ಮೇಲೆ?"

"ಇಲ್ಲ ಅಕ್ಕಾ, ಏನೂ ಇಲ್ಲ."

"ಹಾಗಾದ್ರೆ ಈಗಲೇ ಹೊರಡು. ತಡಮಾಡಿದ್ರೆ ಕಾಲು ಹೋಗುತ್ತೆ."

ನಾನೂ ಹೋದೆ, ಅವನು ಬಿಟ್ಟುಹೋಗಿದ್ದ ಮಾತ್ರೆಯ ಡಬ್ಬಿ ಹಿಡಿದುಕೊಂಡು. ಡಾಕ್ಟರಮ್ಮ ಅವಳನ್ನು ಒಂದೊಂದೇ ಕೇಳಿದರು. ರಕ್ತ ತೆಳುವಾಗಿಡುವ ಮಾತ್ರೆ ಯಾವಾಗ ನಿಲ್ಲಿಸಿದರು? ಗೊತ್ತಿಲ್ಲ. ಸಿಗರೇಟು? ಅವಳು ತಲೆ ತಗ್ಗಿಸಿದಳು. ಬೇಡ ಅನ್ನುವವರಿಲ್ಲದ ಮನೆ ಅಂತಲೇ ತಾನೇ ಅವನು ಅಲ್ಲಿಗೆ ಹೋದದ್ದು. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಅಷ್ಟು ಚೆನ್ನಾಗಿ ನೋಡ್ಕೊಂಡಿದ್ರಿ. ಯಾಕೆ ಕೈ ಬಿಟ್ರಿ?" ಅಂತ ಗದರಿದರು.

"ಬಿಟ್ಟದ್ದು ನಾನಲ್ಲ" ಅಂದೆ.

ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವಳನ್ನು. ಆಮೇಲೆ ದನಿ ತಗ್ಗಿಸಿ, "ಇಬ್ಬರೂ ಹೊರಗೆ ಕೂತಿರಿ" ಅಂದರು.

ಕೂತೆವು, ಒಂದೇ ಬೆಂಚಿನ ಮೇಲೆ. ಅವಳು ಅಳುತ್ತಲೇ ಇದ್ದಳು. ನನಗೆ ಅವಳ ಮೇಲೆ ಸಿಟ್ಟು ಬರಲಿ ಅಂತ ಕಾದೆ. ಬರಲಿಲ್ಲ, ಬಂದದ್ದು ಆಯಾಸ. ಹೊಲಿದ ನಾಳದೊಳಗೆ ಹೆಪ್ಪುಗಟ್ಟಿದ್ದ ರಕ್ತವನ್ನು ಡಾಕ್ಟರಮ್ಮ ತೆಗೆದು, ಮತ್ತೆ ಹರಿಯುವ ಹಾಗೆ ಮಾಡಿದರು. "ಈ ಸಲ ಉಳೀತು. ಇನ್ನೊಂದು ಸಲ ನನ್ನ ಹತ್ರ ಬರ್ಬೇಡಿ" ಅಂದರು. ನಾನು ಅವಳ ಬೆರಳು ಹಿಡಿದು ನಾಡಿಯ ಜಾಗ ತೋರಿಸಿದೆ. ಮಾತ್ರೆಯ ಡಬ್ಬಿ ಅವಳ ಮಡಿಲಿಗೆ ಹಾಕಿದೆ. "ನನಗೆ ಇನ್ನು ಫೋನ್ ಮಾಡ್ಬೇಡ" ಅಂದೆ.

ಇಷ್ಟೇ ಸಮಾಚಾರ. ಅವನ ಬಟ್ಟೆಬರೆ, ಸಲಾಕೆ, ಎಲ್ಲ ಮೂಟೆ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಭಾವ ಬಂದು ತಮ್ಮನಿಗೆ ಮುಟ್ಟಿಸಲಿ. ಈ ಸಲ ಬಾಗಿಲು ತೆಗೆಯುತ್ತೇನೆ. ಚಿಕ್ಕವನ ಕನ್ನಡಕದ ಕಾಲು ಮುರಿದಿದೆ ಅಂತ ಮೆಸೇಜು ಹಾಕಿದ್ದೆಯಲ್ಲ, ಭಾವನ ಕೈಯಲ್ಲೇ ಕಳಿಸಿಕೊಡು, ಸರಿಮಾಡಿ ಕೊಡುತ್ತೇನೆ. ದೊಡ್ಡವಳ ಪರೀಕ್ಷೆ ಹತ್ತಿರ ಬಂತು, ನಿದ್ದೆಗೆಟ್ಟು ಓದದಿರಲಿ. ಇಬ್ಬರಿಗೂ ಅವರ ಚಿಕ್ಕಮ್ಮನ ತುಂಬು ಆಶೀರ್ವಾದ. ಅವರ ಮನೆಯಲ್ಲಿ ನಗು ನಿಲ್ಲದಿರಲಿ. ಭಾವನಿಗೆ ನಮಸ್ಕಾರ.

ನಿನ್ನ ತಂಗಿ,
ಗುಬ್ಬಿ

ಇದು ಮರೆತು ಬಿಟ್ಟದ್ದಲ್ಲ. ಬರೆಯಲೋ ಬೇಡವೋ ಅಂತ ಉಳಿಸಿಕೊಂಡದ್ದು: ಆ ದಿನ ಆಸ್ಪತ್ರೆಯಿಂದ ಹೊರಡುವ ಮುಂಚೆ ವಾರ್ಡಿನ ಬಾಗಿಲಿಗೆ ಹೋಗಿದ್ದೆ. ಅವನಿಗೆ ಎಚ್ಚರವಿತ್ತು. ನನ್ನನ್ನು ಕಂಡು, "ನಿಮ್ಮಕ್ಕನ ಮೇಲೆ ಮಾತ್ರ ಕೋಪ ಮಾಡ್ಕೋಬೇಡ" ಅಂದ. ಅಕ್ಕನ ಮೇಲೆ ಯಾಕೆ ಕೋಪ ಅಂದೆ. "ನಿನಗೆ ಹೇಳಿರ್ತಾಳೆ ಅಂದ್ಕೊಂಡಿದ್ದೆ" ಅಂದ. ಆಮೇಲೆ ನಾನು ಬಿಡಲಿಲ್ಲ, ಹೇಳಿಸಿದೆ. ಮೊದಲ ಆಪರೇಷನ್ನಿಗೆ ಮುಂಚೆಯೇ ಆ ಹೆಂಗಸಿನ ವಿಷಯ ನನಗೆ ಹೇಳಿಬಿಡುತ್ತೇನೆ ಅಂತ ಅವನು ನಿಮ್ಮಿಬ್ಬರ ಹತ್ತಿರ ಬಂದಿದ್ದನಂತೆ. ಭಾವ ಸುಮ್ಮನಿದ್ದರಂತೆ. ನೀನು ಹೇಳಿದೆಯಂತೆ: "ಈಗಲೇ ಬಾಯಿ ಬಿಡ್ಬೇಡ ಮಾರಾಯ. ಮೊದಲು ಕಾಲು ವಾಸಿ ಮಾಡ್ಕೋ. ಅವಳಿಗೆ ಗೊತ್ತಾದ್ರೆ ನಿನ್ನ ಹೇಲು ಉಚ್ಚೆ ಬಾಚೋರು ಯಾರು, ನಾನಾ?"

"ನಾನು ಹಾಗೆ ಹೇಳಲಿಲ್ಲ" ಅಂತ ಒಂದು ಸಾಲು ಬರೆದು ಹಾಕು. ಸುಳ್ಳಾದರೂ ಸರಿ. ಇಷ್ಟು ದಿನ ಎಲ್ಲವನ್ನೂ ನಂಬಿದವಳು, ಅದನ್ನೂ ನಂಬುತ್ತೇನೆ.