ಕೈಗೆ ಕೊಡದ ಉಪ್ಪು

ಜರ್ಸಿ ಸಿಟಿ
೧೮ ಜನವರಿ ೨೦೦೦

ಪ್ರಿಯ ವಾರಿಜಾ,

ನಿನ್ನೆ ಬಂದು ತಲುಪಿದೆ. ಇಲ್ಲಿ ಸ್ನೋ ಬಿದ್ದು ಕಾರು ಹೂತುಹೋಗಿತ್ತು. ಲಂಡನ್ನಿನಲ್ಲಿ ನೀನು ಕೊಡಿಸಿದ ಕೋಟು ಭುಜಕ್ಕೆ ಬಿಗಿಯಾಗುತ್ತದೆ. ನಿನಗೆ ನೆನಪಿರುವುದು ನನ್ನ ಹಳೆಯ ಅಳತೆ.

ಎರಡು ದಿನ ಸೇತುವೆ, ಮ್ಯೂಸಿಯಂ, ಅಂಗಡಿ ಎಂದು ಸುತ್ತಿದೆವು. ಅಲ್ಲಿನ ನಿನ್ನ ಪ್ರಾಜೆಕ್ಟು ಇನ್ನೂ ಎರಡು ವರ್ಷ ಮುಂದುವರಿಯುವ ವಿಷಯವನ್ನು ನೀನು ಎತ್ತಿದ್ದು ಕೊನೆಯ ಊಟಕ್ಕೆ ಕೂತಾಗ. "ಒಪ್ಪಿಕೊಳ್ಳಲಾ?" ಎಂದು ಕೇಳಿದೆಯಲ್ಲ, ನಾನು ಉತ್ತರ ಹೇಳದೆ ಉಪ್ಪು ಕೇಳಿದೆ. ನೀನು ಅದನ್ನು ಮೇಜಿನ ಮೇಲಿಟ್ಟು ನನ್ನತ್ತ ಸರಿಸಿದೆ.

"ಇನ್ನೂ ಅದನ್ನೆಲ್ಲ ನಂಬ್ತೀಯಾ?" ಅಂದೆ ನಾನು.

"ಕೈಗೆ ಕೊಟ್ರೆ ಜಗಳ ಆಗುತ್ತೆ ಅಂತ ನಿಮ್ಮಮ್ಮನೇ ಹೇಳಿಕೊಟ್ಟಿದ್ದು. ನಮಗೆ ಜಗಳ ಆಡೋಕೂ ಪುರುಸೊತ್ತಿಲ್ಲ, ಬಿಡಿ."

ಇಬ್ಬರೂ ನಕ್ಕೆವು. ವಿಮಾನದಲ್ಲಿ ಅದು ನೆನಪಾದಾಗ ನಗು ಬರಲಿಲ್ಲ.

ಅಂದು ಹೇಳದ ಉತ್ತರ ಇದು: ಒಪ್ಪಿಕೊಳ್ಳಬೇಡ. ನಿನಗೆ ಸಿಟ್ಟು ಬರುತ್ತದೆ, ಬರಲಿ. ಭಾನುವಾರ ಮನೆಯಲ್ಲೇ ಇರುತ್ತೇನೆ. ಫೋನ್ ಮಾಡಿ ಬೈಯುವಷ್ಟು ಬೈ.

ಮುಂದಿನ ಸಲ ಉಪ್ಪನ್ನು ಕೈಗೇ ಕೊಡು.

ನಿನ್ನ,
ಮುಕುಂದ