ಮೀನಿನ ಬಾಣಂತನ

ಕೊಳತ್ತೂರು, ಚೆನ್ನೈ
ಆಡಿ ಮಾಸ, ಹದಿನಾಲ್ಕು

ಪ್ರೀತಿಯ ಪೂಂಗೋದೈ ಅಕ್ಕನಿಗೆ,

ನಿನ್ನ ತಂಗಿ ವಳರ್ಮತಿಯ ನಮಸ್ಕಾರ. ಬರೆಯೋದು ತಡವಾಯ್ತು, ಬೈಕೋಬೇಡ. ಮನೆಯಲ್ಲಿ ಬಾಣಂತನ ನಡೀತಿದೆ. ಆಸೆಪಡಬೇಡ, ನನ್ನದಲ್ಲ, ಮೀನಿನದು!

ಇವರ ಗಾಜಿನ ತೊಟ್ಟಿಯಲ್ಲಿರೋ ಹಳದಿ ಮೀನು ಮೊಟ್ಟೆಯಿಟ್ಟು ಅಷ್ಟನ್ನೂ ಬಾಯಲ್ಲೇ ಇಟ್ಟುಕೊಂಡಿತ್ತು. ಅವು ಮರಿಯಾಗಿ ಈಜೋವರೆಗೂ ಈ ಜಾತಿಯ ತಾಯಿಗೆ ಉಪವಾಸ. ಬೆಚ್ಚಿಬಿದ್ದರೆ ಮಾತ್ರ ಎಲ್ಲವನ್ನೂ ತಾನೇ ನುಂಗಿಬಿಡುತ್ತೆ. ಹಿಂದೆಲ್ಲ ಹಾಗೇ ಆಗಿತ್ತು. ಅದಕ್ಕೇ ಈ ಸಲ ಕುಕ್ಕರ್ ಕೂಗಬಾರದು, ಮಿಕ್ಸಿ ತಿರುಗಬಾರದು. ಸೀನು ಬಂದರೆ ಅತ್ತೆ ಬಚ್ಚಲಿಗೆ ಓಡಬೇಕು. "ಹೆಂಡ್ತಿ ಬಾಯಿ ಮುಚ್ಚಿಸೋಕಾಗದವನು ನನ್ನ ಮೂಗು ಮುಚ್ಚಿಸೋಕೆ ಬಂದ," ಅಂದರು ಅತ್ತೆ. ಅದನ್ನೂ ಪಿಸುಗುಟ್ಟೇ ಅನ್ನಬೇಕು, ನೋಡು ಅವರ ಪಾಡು.

ಇನ್ನೇನು ಮರಿ ಬಿಡುತ್ತೆ ಅನ್ನುವಾಗ ಬೀದಿ ಕೊನೆಯ ಮನೆಯ ಮುದುಕರು ತೀರಿಕೊಂಡರು. ಇಲ್ಲಿ ಸಾವಂದರೆ ನಿನಗೆ ಗೊತ್ತಲ್ಲ, ತಮಟೆ, ಪಟಾಕಿ ಸರ. ಮೆರವಣಿಗೆ ನಮ್ಮ ಬಾಗಿಲ ಮುಂದೇ ಹೋಗಬೇಕು. ಇವರು ಹೋಗಿ ಹೆಣಕ್ಕೆ ಹಾರ ಹಾಕಿ, ಕೈಮುಗಿದು, ಸತ್ತವರ ಮಗನನ್ನ ಕೇಳಿಯೇಬಿಟ್ಟರಂತೆ: "ಅಣ್ಣಾ, ನಮ್ಮನೆ ದಾಟೋವರೆಗೆ ತಮಟೆ ನಿಲ್ಲಿಸ್ತೀರಾ? ಮೀನು ಬಾಯ್ತುಂಬ ಮರಿ ಇಟ್ಕೊಂಡಿದೆ."

"ಥೂ! ಇಲ್ಲಿ ನಮ್ಮಪ್ಪ ಹೋಗಿದ್ದಾರೆ, ನಿನಗೆ ಮೀನಿನ ಚಿಂತೆಯೇನಯ್ಯಾ? ಇನ್ನೆರಡು ಸರ ಜಾಸ್ತಿ ತನ್ರೋ!"

ಇವರು ಬೆವರುತ್ತಾ ಓಡಿ ಬಂದರು. ಕಿಟಕಿಗೆ ಹಾಸಿಗೆ ಒತ್ತಿದೆವು. ತೊಟ್ಟಿಗೆ ಕಂಬಳಿ ಹೊದಿಸಿ ಇವರು ಅದನ್ನ ತಬ್ಬಿ ನಿಂತರು. ತಮಟೆ ಹತ್ತಿರವಾದಷ್ಟೂ ನಾನು ಹಾಸಿಗೆಯನ್ನ ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದೆ. ಪಟಾಕಿ ನಮ್ಮ ಹೊಸ್ತಿಲ ಬಳಿಯೇ ಸಿಡಿದು ಗಾಜು ಗಡಗಡ ಅಂತು. "ನುಂಗಬೇಡ್ವೇ ತಾಯೀ, ನುಂಗಬೇಡ," ಅಂತ ಇವರು ಕಣ್ಣುಮುಚ್ಚಿ ಬೇಡ್ತಿದ್ದರು.

ಸದ್ದಡಗಿದ ಮೇಲೂ ಕಂಬಳಿ ತೆಗೆಯೋ ಧೈರ್ಯ ನಮಗಿಬ್ಬರಿಗೂ ಇಲ್ಲ. ಕೊನೆಗೆ ಅತ್ತೆಯೇ ಎಳೆದರು. ಮೀನು ಮೂಲೆ ಸೇರಿತ್ತು, ಆದರೆ ಗಲ್ಲ ಇನ್ನೂ ಉಬ್ಬಿಕೊಂಡೇ ಇತ್ತು! ಮಾರನೇ ಬೆಳಿಗ್ಗೆ ಬಾಯಿ ತೆರೆದು ಒಂದೊಂದೇ ಮರಿ ಬಿಟ್ಟಿತು. ಇವರು ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತರು. ಅತ್ತೆ ಬೀದಿಗೆಲ್ಲ ಬೆಲ್ಲ ಹಂಚೋಕೆ ಹೊರಟಿದ್ದರು. ಸಾವಾದ ಬೀದಿಯಲ್ಲಿ ಒದೆ ತಿಂತೀರಿ ಅಂತ ನಾನೇ ತಡೆದೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಆ ಮುರುಗ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ
ವಳರ್ಮತಿ

ತಾ.ಕ.: ಅಕ್ಕ, ತೈ ತಿಂಗಳಲ್ಲಿ ಹೊಟ್ಟೆಯಲ್ಲಿದ್ದದ್ದನ್ನ ಕಳ್ಕೊಂಡು ನಾನು ಆಸ್ಪತ್ರೆಯಿಂದ ಬರಿಗೈಲಿ ಬಂದಾಗ ಇವರ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಗಂಡಸು, ಅಳೋಕೆ ಬರಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡಿದ್ದೆ. ಬರುತ್ತೆ ಅಕ್ಕ.